ಹಿತ್ತಲಿಗೆ ಬಂದ ಮುಂಗುಸಿ, ಕೈಯಲ್ಲಿದ್ದ ಕುಂಚ

ನಮ್ಮ ಮನೆಗೆ ಬರುವ ಅತಿಥಿಗಳಲ್ಲಿ ಹೆಚ್ಚಿನವರಿಗೆ ನಾಲ್ಕು ಕಾಲು, ಒಂದು ಬಾಲ. ಉಳಿದವರು ಭಾನುವಾರದ ದಿನ ಚಿತ್ರ ಬರೆಯುವುದನ್ನು ಕಲಿಯಲು ಬರುವ ಮಕ್ಕಳು. ಈ ಎರಡು ಪಂಗಡಗಳಲ್ಲಿ ಯಾರ ಗಲಾಟೆ ಹೆಚ್ಚು ಎಂಬ ಪ್ರಶ್ನೆಗೆ ನನ್ನ ಹೆಂಡತಿ ಇವತ್ತಿಗೂ ತೀರ್ಪು ಕೊಟ್ಟಿಲ್ಲ.

ಮನೆ ಇರುವುದು ದೇವರಾಯಸಮುದ್ರದಲ್ಲಿ. ಕೋಲಾರದಿಂದ ಮುಳಬಾಗಿಲಿನ ಕಡೆಗೆ ಹಳೇ ಮದರಾಸು ರಸ್ತೆಯಲ್ಲಿ ಹೋಗಿರುವವರು ಬಸ್ಸಿನ ಕಿಟಕಿಯಿಂದ ನಮ್ಮ ಬೆಟ್ಟಗಳನ್ನು ನೋಡಿಯೇ ಇರುತ್ತೀರಿ. ದೈತ್ಯರ ಮಕ್ಕಳು ಗೋಲಿಯಾಡಿ, ಅಮ್ಮ ಕೂಗಿದಳೆಂದು ಹಾಗೇ ಬಿಟ್ಟು ಓಡಿದಂತೆ ಒಂದರ ಮೇಲೊಂದು ಕೂತ ಬಂಡೆಗಳು. ಹೆಸರಿನಲ್ಲಿ ಸಮುದ್ರವಿದ್ದರೂ ನಮ್ಮ ಸೀಮೆಯಲ್ಲಿ ಸಮುದ್ರವೆಂದರೆ ಕೆರೆ. ಬಂಡೆಗಳ ಸಂದಿಯಲ್ಲಿ ಕುರುಚಲು ಕಾಡು, ಆ ಕುರುಚಲಿನ ಅಂಚಿಗೆ ನಮ್ಮ ಹಿತ್ತಲು. ‘ನಿಮ್ಮನೆಗೆ ಕಾಡುಪ್ರಾಣಿಗಳು ಬರ್ತಾವಂತೆ?’ ಎಂದು ಬೆಂಗಳೂರಿನ ನೆಂಟರು ಕಣ್ಣರಳಿಸಿ ಕೇಳುತ್ತಾರೆ. ಬರುವುದೇನು ಬಂತು, ಅವು ತಮ್ಮ ಪಾಡಿಗೆ ಹಾದುಹೋಗುತ್ತವೆ. ದಾರಿಯಲ್ಲಿ ನಮ್ಮ ಮನೆ ಸಿಗುತ್ತದೆ, ಅಷ್ಟೆ.

ಬೆಳಗ್ಗೆ ಮೊದಲು ಬರುವುದು ಅಳಿಲು. ನಮ್ಮ ಕಡೆ ಅರ್ಧಕ್ಕರ್ಧ ಮನೆಗಳಲ್ಲಿ ತೆಲುಗು ಮಾತು, ಹಾಗಾಗಿ ಅದಕ್ಕೆ ಉಡುತ ಎಂಬ ಹೆಸರೂ ಉಂಟು. ಅದರ ಹಿಂದೆಯೇ ಕೋತಿಗಳ ಹಿಂಡು. ಬಿಸಿಲೇರಿದ ಮೇಲೆ ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತ. ಸಂಜೆ ರಾಗಿ ಹೊಲದ ಬದುವಿನಲ್ಲಿ ನವಿಲು. ದೀಪ ಹಚ್ಚಿದ ಮೇಲೆ ಗೋಡೆಗೆ ಹಲ್ಲಿ, ಸೀಬೆ ಮರಕ್ಕೆ ಬಾವಲಿ. ಮುಂಗುಸಿ ಮಾತ್ರ ಹಗಲಿನಲ್ಲಿ ಯಾವಾಗ ಬೇಕಾದರೂ ಬರಬಹುದು, ವಾರಗಟ್ಟಲೆ ಬಾರದೆಯೂ ಇರಬಹುದು. ಈ ವಾರ ಹೇಳಹೊರಟಿರುವುದು ಈ ಮುಂಗುಸಿಯ ವಿಷಯ. ಆದರೆ ಅಲ್ಲಿಗೆ ಅಳಿಲಿನ ಮೂಲಕವೇ ಹೋಗಬೇಕು.

ಮೂವತ್ತೊಂದು ವರ್ಷ ಡ್ರಾಯಿಂಗ್ ಮೇಷ್ಟರಾಗಿದ್ದವನು ನಾನು. ಹೊಸದಾಗಿ ಬರುವ ಮಕ್ಕಳಿಗೆ ಮೊದಲ ದಿನ ‘ನಿಮಗೆ ಇಷ್ಟವಾದ ಪ್ರಾಣಿಯ ಚಿತ್ರ ಬರೀರಿ’ ಎಂದರೆ ಹತ್ತಕ್ಕೆ ಆರು ಜನ ಸಿಂಹ ಬರೆಯುತ್ತಾರೆ. ಇಬ್ಬರು ಹುಲಿ. ಒಬ್ಬಳು ಜಿಂಕೆ, ಮತ್ತೊಬ್ಬ ಜಿರಾಫೆ. ಸಿಂಹದ ಕೇಸರ ಚೆನ್ನಾಗಿಯೇ ಇರುತ್ತದೆ. ಏಕೆಂದರೆ ಅದು ಬಂದಿರುವುದು ಗಿರ್ ಕಾಡಿನಿಂದಲ್ಲ, ಎರಡು ರೂಪಾಯಿ ಚಾರ್ಟಿನಿಂದ. ನಾನು ಕಾಗದಗಳನ್ನೆಲ್ಲ ತೆಗೆದಿರಿಸಿ, ‘ಈಗ ಕಣ್ಣು ಮುಚ್ಚಿ. ಅಳಿಲಿನ ಬೆನ್ನ ಮೇಲೆ ಪಟ್ಟೆ ಎಷ್ಟು?’ ಎನ್ನುತ್ತೇನೆ. ಎರಡು, ನಾಲ್ಕು, ಐದು. ಒಂದು ಸಲವಂತೂ ಒಬ್ಬ ಹುಡುಗ ಗಂಭೀರವಾಗಿ, ‘ಸಾರ್, ಅಳಿಲಿಗೆ ಪಟ್ಟೆ ಇರುತ್ತಾ?’ ಎಂದಿದ್ದ. ಅವನ ಮನೆಯ ಹಂಚಿನ ಮೇಲೆ ದಿನವೂ ನಾಲ್ಕು ಅಳಿಲು ಓಡಾಡುತ್ತವೆ.

ಮೂರು ಎಂದು ಸರಿಯಾಗಿ ಹೇಳುವವರು ನೋಡಿ ಹೇಳುವುದಿಲ್ಲ, ಅಜ್ಜಿಯ ಕತೆ ನೆನೆದು ಹೇಳುತ್ತಾರೆ. ರಾಮ ಸೇತುವೆ ಕಟ್ಟುವಾಗ ಅಳಿಲಿನ ಬೆನ್ನು ಸವರಿದ, ಮೂರು ಬೆರಳಿನ ಗುರುತು ಉಳಿಯಿತು. ನಮ್ಮ ತಾಲ್ಲೂಕಿನ ಆವನಿ ಬೆಟ್ಟದಲ್ಲಿ ಸೀತೆ ಲವಕುಶರನ್ನು ಹೆತ್ತಳೆಂದು ನಂಬುವ ಊರು ನಮ್ಮದು, ಈ ಕತೆ ಗೊತ್ತಿಲ್ಲದ ಮಗು ಇಲ್ಲ. ಕತೆ ಒಳ್ಳೆಯದೇ. ಆದರೆ ಚಿತ್ರಕ್ಕೆ ಅದು ಸಾಲದು. ದಕ್ಷಿಣದ ನಮ್ಮ ಅಳಿಲಿಗೆ ಪಟ್ಟೆ ಮೂರು. ಉತ್ತರ ಭಾರತದಲ್ಲಿ ಐದು ಪಟ್ಟೆಯ ಇನ್ನೊಂದು ಜಾತಿಯೇ ಇದೆ. ನಮ್ಮದರ ಮೂರರಲ್ಲಿ ನಡುವಿನ ಪಟ್ಟೆ ತಲೆಯಿಂದ ಬಾಲದ ಬುಡದವರೆಗೆ ಹೋಗುತ್ತದೆ, ಅಕ್ಕಪಕ್ಕದ ಎರಡು ಮುಂಗಾಲಿನಿಂದ ಹಿಂಗಾಲಿನವರೆಗೆ ಮಾತ್ರ. ಮುಂಗಾಲಿನಲ್ಲಿ ಎದ್ದು ಕಾಣುವ ಬೆರಳು ನಾಲ್ಕು, ಹಿಂಗಾಲಿನಲ್ಲಿ ಐದು. ಇದನ್ನು ನಾನು ಹೇಳಿಕೊಟ್ಟರೆ ಅವರು ಬರೆದುಕೊಂಡು ಮರೆಯುತ್ತಾರೆ. ತಾವೇ ಎಣಿಸಿದರೆ ಮರೆಯುವುದಿಲ್ಲ. ಹಾಗಾಗಿ ಮೊದಲ ತಿಂಗಳು ನನ್ನ ಪಾಠವೆಂದರೆ ಕಿಟಕಿಯ ಬಳಿ ಕೂರುವುದು.

ತಂದೆ ತಾಯಂದಿರಿಗೆ ಇದು ಹಿಡಿಸುವುದಿಲ್ಲ ಎಂದು ನನಗೆ ಗೊತ್ತು. ಟೊಮೆಟೊ ತೋಟದ ಕೆಲಸ ಮುಗಿಸಿ ಮಗನನ್ನು ಕರೆದೊಯ್ಯಲು ಬಂದ ತಾಯಿಯೊಬ್ಬರು ಬಾಗಿಲಲ್ಲೇ ನಿಂತು ಕೇಳಿದರು: ‘ಮೇಷ್ಟ್ರೇ, ಇವ್ನಿಗೆ ಲೆಕ್ಕ ಬರಲ್ಲ. ಭಾಗಾಕಾರ ಅಂದ್ರೆ ಅಳ್ತಾನೆ. ಬರೋ ವರ್ಷ ಎಸ್ಸೆಸ್ಸೆಲ್ಸಿ. ಇಲ್ಲಿ ಕೂತ್ಕೊಂಡು ಉಡುತ ಎಣಿಸಿದ್ರೆ ಪಾಸಾಗ್ತಾನಾ?’

‘ಇಲ್ಲಮ್ಮ, ಪಾಸಾಗಲ್ಲ’ ಎಂದೆ. ಸುಳ್ಳು ಹೇಳುವ ವಯಸ್ಸು ದಾಟಿದೆ. ‘ಆದ್ರೂ ನಾಲ್ಕು ಭಾನುವಾರ ಕಳಿಸಿ ನೋಡಿ.’

ಆಕೆ ಸುಮ್ಮನೆ ಹೋದರು. ಒಪ್ಪಿದರೆಂದಲ್ಲ, ಮೇಷ್ಟರ ಮಾತು ತೆಗೆದುಹಾಕಬಾರದೆಂಬ ಹಳೆಯ ಮರ್ಯಾದೆ. ಆ ಹುಡುಗ ಒಂಬತ್ತನೇ ತರಗತಿ. ಮುಂದೆ ಬರುವ ಕತೆಯಲ್ಲಿ ಅವನಿದ್ದಾನೆ.

ಮನೆಗೆ ಬರುವ ಪ್ರಾಣಿಗಳನ್ನು ಬರೆಯುವುದಕ್ಕೆ ಬೇಕಾದ್ದು ಬಹಳ ಕಡಿಮೆ. ಒಂದು 2ಬಿ ಪೆನ್ಸಿಲ್, ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳು. ಬಣ್ಣಕ್ಕೆ ಅವಸರವಿಲ್ಲ. ಮೊದಲ ಮಾದರಿ ಹಲ್ಲಿಯಾಗಿರಲಿ. ಟ್ಯೂಬ್‌ಲೈಟಿನ ಪಕ್ಕದಲ್ಲಿ ಹುಳುವಿಗೆ ಹೊಂಚು ಹಾಕಿ ಕೂತ ಹಲ್ಲಿಯಷ್ಟು ಅಲುಗಾಡದ ಮಾಡೆಲ್ ಕಲಾಶಾಲೆಯಲ್ಲೂ ಸಿಗುವುದಿಲ್ಲ. ನಾಲ್ಕಾರು ಹಲ್ಲಿ ಬರೆದವರಿಗೆ ಒಂದು ಸಂಗತಿ ಗೊತ್ತಾಗುತ್ತದೆ: ಕೆಲವಕ್ಕೆ ಬಾಲದ ಬಣ್ಣ ಮೈಗೆ ಹೊಂದುವುದಿಲ್ಲ, ಆಕಾರವೂ ಮೊಂಡು. ಅದು ಕಳಚಿಹೋಗಿ ಮತ್ತೆ ಬೆಳೆದ ಬಾಲ. ಒಳಗೆ ಮೊದಲಿನಂತೆ ಮೂಳೆಯಿಲ್ಲ, ಮೃದ್ವಸ್ಥಿಯಷ್ಟೆ.

ಅಳಿಲಿಗೆ ಬಂದಾಗ ಈ ಉಪಾಯ ನಡೆಯದು. ಅದು ಒಂದು ಭಂಗಿಯಲ್ಲಿ ಮೂರು ಸೆಕೆಂಡು ನಿಂತರೆ ಪುಣ್ಯ. ಅದಕ್ಕೆ ಮಕ್ಕಳಿಗೆ ಹೇಳುತ್ತೇನೆ: ಬರೆಯಬೇಡಿ, ನೋಡಿ. ಅದು ಓಡಿಹೋದ ಮೇಲೆ ನೆನಪಿನಿಂದ ನಾಲ್ಕು ಗೆರೆ ಎಳೆಯಿರಿ. ಮತ್ತೆ ಬರುತ್ತದೆ, ತಪ್ಪನ್ನು ತಿದ್ದಿ. ಒಂದೇ ಹಾಳೆಯಲ್ಲಿ ಹತ್ತು ಅರೆಬರೆ ಅಳಿಲುಗಳಿರಲಿ. ಪಕ್ಕದಲ್ಲಿ ತಾರೀಕು, ಹೊತ್ತು, ಏನು ತಿನ್ನುತ್ತಿತ್ತು ಎಂದು ಒಂದು ಸಾಲು. ವರ್ಷ ತುಂಬುವ ಹೊತ್ತಿಗೆ ಅದೊಂದು ಪಂಚಾಂಗವಾಗುತ್ತದೆ. ನವಿಲಿನ ಉದ್ದ ಗರಿ ಮಳೆಗಾಲ ಕಳೆಯುವಾಗ ಉದುರುವುದು, ಮತ್ತೆ ನಿಧಾನವಾಗಿ ಬೆಳೆಯುವುದು ಇಂಥ ಹಾಳೆಗಳಲ್ಲೇ ನಮ್ಮ ಮಕ್ಕಳಿಗೆ ತಿಳಿದದ್ದು. ಗರಿ ಉದುರಿದಾಗ ಇನ್ನೊಂದೂ ಗೊತ್ತಾಯಿತು. ನಾವು ನವಿಲಿನ ಬಾಲವೆನ್ನುವುದು ಬಾಲವೇ ಅಲ್ಲ, ಬಾಲದ ಮೇಲೆ ಹೊದ್ದ ಗರಿಗಳು. ನಿಜವಾದ ಬಾಲ ಅದರಡಿಯಲ್ಲಿ ಗಿಡ್ಡಗೆ, ಕಂದು ಬಣ್ಣದಲ್ಲಿರುತ್ತದೆ. ನವಿಲು ಕುಣಿಯುವಾಗ ಹಿಂದಿನಿಂದ ನೋಡಿದರೆ ಊರುಗೋಲಿನಂತೆ ನಿಂತಿರುವುದು ಅದೇ.

ಕೋತಿಯದು ಬೇರೆಯೇ ಪಾಠ. ಅದನ್ನು ದಿಟ್ಟಿಸಿ ನೋಡಬಾರದು. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಕೋತಿಯ ಭಾಷೆಯಲ್ಲಿ ಜಗಳಕ್ಕೆ ಕರೆದಂತೆ. ಕಿಟಕಿಗೆ ಜಾಲರಿ ಇದ್ದರೆ ಅದರ ಹಿಂದೆ ಕೂತು ಓರೆಗಣ್ಣಿನಲ್ಲಿ ನೋಡಬೇಕು. ಒಂದು ಸಲ ನಾನು ಜಾಲರಿ ತೆಗೆದಿಟ್ಟ ಮರೆವಿಗೆ ಗಡವವೊಂದು ಒಳಗೆ ಕೈಹಾಕಿ ನೀಲಿ ಬಣ್ಣದ ಟ್ಯೂಬನ್ನು ಕಿತ್ತುಕೊಂಡು ಹೋಯಿತು. ಹುಣಸೆ ಮರದ ಮೇಲೆ ಅದನ್ನು ಕಚ್ಚಿ, ಉಗಿದು, ನೀಲಿ ಬಾಯಲ್ಲಿ ನನ್ನನ್ನೇ ಗುರಾಯಿಸಿತು. ಮಕ್ಕಳು ಬಿದ್ದುಬಿದ್ದು ನಕ್ಕರು. ಚಿತ್ರ ಬರೆಯುವ ಆಸೆಗೆ ಬಾಳೆಹಣ್ಣು ತೋರಿಸಿ ಕೋತಿಯನ್ನು ಹತ್ತಿರ ಕರೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಮ್ಮೆ ಕೈಯಿಂದ ತಿಂದ ಕೋತಿ ಮರುದಿನ ಕೈಯನ್ನೇ ಹಿಡಿಯುತ್ತದೆ. ಕಚ್ಚಿದರೆ ಹುಚ್ಚುನಾಯಿ ಕಡಿತಕ್ಕೆ ಹಾಕುವ ಚುಚ್ಚುಮದ್ದೇ ಬೇಕಾಗುತ್ತದೆ. ಹಾವು ಬಂದರಂತೂ ಚಿತ್ರ ಆಮೇಲೆ, ಮೊದಲು ದೂರ ಸರಿಯಿರಿ. ಬೆಟ್ಟದ ಕಡೆಯಿಂದ ಚಿರತೆ ಇಳಿದಿದೆಯೆಂಬ ಸುದ್ದಿ ನಮ್ಮ ಸೀಮೆಯಲ್ಲಿ ಆಗಾಗ ಹುಟ್ಟುತ್ತದೆ. ಅಂಥ ಬೆಳಗ್ಗೆ ದೊಡ್ಡವರ ಜೊತೆ ಹೋಗಿ ಮಣ್ಣಿನ ಮೇಲಿನ ಹೆಜ್ಜೆ ಬರೆದುಕೊಳ್ಳಿ. ಬೆರಳುಗಳ ಮುಂದೆ ಉಗುರಿನ ಗುರುತಿದ್ದರೆ ಬಹುಮಟ್ಟಿಗೆ ಊರ ನಾಯಿ. ಚಿರತೆ ನಡೆಯುವಾಗ ಉಗುರನ್ನು ಒಳಗೆಳೆದುಕೊಂಡಿರುತ್ತದೆ.

ಎಲ್ಲದರಲ್ಲೂ ಕಷ್ಟ ಕಣ್ಣು. ಮೇಕೆಯ ಕಣ್ಣಿನ ಪಾಪೆ ಅಡ್ಡಗೀಟಿನಂತಿರುವುದು ಹಳ್ಳಿಯ ಮಕ್ಕಳಿಗೆಲ್ಲ ಗೊತ್ತು. ಹಲ್ಲಿಯದು ಬೆಕ್ಕಿನಂತೆ ಉದ್ದಗೀಟು. ಅಳಿಲಿನದು ಬರೀ ಕರಿ ಮಣಿ. ಇವುಗಳನ್ನು ಬರೆದು ಕೊನೆಗೆ ಒಂದು ಸಾಸಿವೆಯಷ್ಟು ಜಾಗವನ್ನು ಬಿಳಿಯಾಗಿಯೇ ಬಿಡಬೇಕು, ಆಗಲೇ ಪ್ರಾಣಿಗೆ ಜೀವ. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ 1502ರಲ್ಲಿ ಒಂದು ಮೊಲದ ಚಿತ್ರ ಬರೆದ. ಅದೀಗ ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿದೆ. ಮೈಮೇಲಿನ ಒಂದೊಂದು ಕೂದಲೂ ಕಾಣುವ ಆ ಮೊಲದ ಕಣ್ಣನ್ನು ಹತ್ತಿರದಿಂದ ನೋಡಿದರೆ ಅದರೊಳಗೆ ಕಿಟಕಿಯ ಚೌಕಟ್ಟಿನ ಪ್ರತಿಬಿಂಬವಿದೆ. ಎಲ್ಲೋ ಕಾಡಿನಲ್ಲಿ ಕುಳಿತ ಮೊಲವಲ್ಲ, ಮನೆಯೊಳಗಿನ ಬೆಳಕಿನಲ್ಲಿ ಬರೆದ ಮೊಲ. ಐನೂರು ವರ್ಷದ ಹಿಂದಿನ ಆ ಕಿಟಕಿಯನ್ನು ನಾನು ಪ್ರತಿವರ್ಷ ಮಕ್ಕಳಿಗೆ ಭೂತಗನ್ನಡಿಯಲ್ಲಿ ತೋರಿಸುತ್ತೇನೆ.

ಹತ್ತಿರದ ಉದಾಹರಣೆಯೂ ಇದೆ. ನಮ್ಮೂರ ರಸ್ತೆ ಹೋಗಿ ಮುಟ್ಟುವ ಮದರಾಸಿನಲ್ಲಿ ಎಂ. ಕೃಷ್ಣನ್ ಎಂಬ ನಿಸರ್ಗ ಬರಹಗಾರರಿದ್ದರು. 1912ರಲ್ಲಿ ಹುಟ್ಟಿದವರು, ತಮಿಳು ಕಾದಂಬರಿಕಾರ ಎ. ಮಾಧವಯ್ಯನವರ ಮಗ. ಕನ್ನಡ ನಾಡಿಗೂ ಅವರಿಗೂ ನಂಟುಂಟು. 1940ರ ದಶಕದಲ್ಲಿ ಬಳ್ಳಾರಿ ಸೀಮೆಯ ಸಂಡೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದರು. ಅಲ್ಲಿ ಮೇಷ್ಟರೂ ಆದರು, ನ್ಯಾಯಾಧೀಶರೂ ಆದರು. ಮದರಾಸಿಗೆ ಮರಳಿದ ಮೇಲೆ 1950ರಿಂದ ‘ಸ್ಟೇಟ್ಸ್‌ಮನ್’ ಪತ್ರಿಕೆಗೆ ‘ಕಂಟ್ರಿ ನೋಟ್‌ಬುಕ್’ ಎಂಬ ಅಂಕಣ ಬರೆಯತೊಡಗಿ, 1996ರಲ್ಲಿ ತೀರಿಕೊಳ್ಳುವವರೆಗೂ ನಿಲ್ಲಿಸಲಿಲ್ಲ. ನಲವತ್ತಾರು ವರ್ಷ! ಬರಹಕ್ಕೆ ಬೇಕಾದ ಮಸಿಯ ಚಿತ್ರಗಳನ್ನೂ ತಾವೇ ಬರೆದುಕೊಳ್ಳುತ್ತಿದ್ದರು. ಕಾಡಾನೆಗಳ ಫೋಟೊ ತೆಗೆಯುವುದರಲ್ಲಿ ಹೆಸರಾದ ಈ ಮನುಷ್ಯ ಅಷ್ಟೇ ಶ್ರದ್ಧೆಯಿಂದ ಮನೆಯ ಸುತ್ತಲಿನ ಅಳಿಲು, ಕಾಗೆ, ಹಲ್ಲಿ, ಹಾಲಕ್ಕಿಗಳನ್ನೂ ನೋಡಿದರು. ಅವರ ಒಂದು ಪುಸ್ತಕದ ಹೆಸರೇ ಕಾಡು ಮತ್ತು ಹಿತ್ತಲು ಎಂಬರ್ಥದ ‘ಜಂಗಲ್ ಅಂಡ್ ಬ್ಯಾಕ್‌ಯಾರ್ಡ್’. ನನಗೆ ಆ ‘ಮತ್ತು’ ಬಹಳ ಇಷ್ಟ.

ಇನ್ನು ಮುಂಗುಸಿ.

ಹೋದ ಚಳಿಗಾಲದಲ್ಲಿ ಒಂದು ಮುಂಗುಸಿ ಸತತವಾಗಿ ಮೂರು ಭಾನುವಾರ ನಮ್ಮ ಹಿತ್ತಲಿಗೆ ಬಂತು. ಸೌದೆ ಒಟ್ಟಿದ ಕಡೆಯಿಂದ ಬಂದು, ಕಲ್ಲು ಚಪ್ಪಡಿಯ ಮೇಲೆ ಹಿಂಗಾಲಲ್ಲಿ ಎದ್ದುನಿಂತು, ಸುತ್ತ ನೋಡಿ, ಬದನೆ ಪಾತಿಯಲ್ಲಿ ಏನನ್ನೋ ಕೆದಕಿ ಹೋಗುತ್ತಿತ್ತು. ಮಕ್ಕಳು ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಆ ಲೆಕ್ಕ ಬಾರದ ಹುಡುಗ ಮಾತ್ರ ಕಣ್ಣು ಮಿಟುಕಿಸದೆ ನೋಡಿ ಮೂರನೆಯ ವಾರ ಹೇಳಿದ: ‘ಸಾರ್, ಅದರ ಪಾಪೆ ಮೇಕೆ ಥರ ಅಡ್ಡ ಇದೆ.’ ನಾನು ನಂಬಲಿಲ್ಲ. ಆಮೇಲೆ ಪುಸ್ತಕದಲ್ಲಿ ನೋಡಿದರೆ ಅವನು ಹೇಳಿದ್ದೇ ಸರಿ. ಮೂವತ್ತೊಂದು ವರ್ಷದಲ್ಲಿ ನಾನು ಎಷ್ಟು ಮುಂಗುಸಿಗಳಿಗೆ ದುಂಡು ಪಾಪೆ ಬರೆಸಿದ್ದೇನೋ.

ಅವನ ಪೆನ್ಸಿಲ್ ಚಿತ್ರ ಚೆನ್ನಾಗಿ ಬಂದಿತ್ತು. ಬಣ್ಣ ಹಾಕಬೇಕೆಂದ. ಬೂದು ಬಣ್ಣ ಕಲಸಿಕೊಂಡು ಬಳಿದ, ಮುಂಗುಸಿ ಸಿಮೆಂಟಿನಲ್ಲಿ ಮಾಡಿದಂತಾಯಿತು. ಆಗ ನಾನು ವಿವರಿಸಿದೆ: ಮುಂಗುಸಿಯ ಮೈ ಬೂದು ಎನ್ನುತ್ತೇವೆ, ಆದರೆ ಅದರ ಒಂದು ಕೂದಲೂ ಬೂದು ಬಣ್ಣದ್ದಲ್ಲ. ಪ್ರತಿ ಕೂದಲಲ್ಲೂ ಕಡುಕಂದು, ಕೆನೆಬಣ್ಣ, ಮತ್ತೆ ಕಡುಕಂದು ಹೀಗೆ ಪಟ್ಟೆಗಳಿರುತ್ತವೆ. ಸಾವಿರಾರು ಕೂದಲಿನ ಪಟ್ಟೆಗಳು ಸೇರಿ ದೂರದಿಂದ ಉಪ್ಪು ಮೆಣಸು ಬೆರೆಸಿದಂತೆ ಕಾಣುತ್ತದೆ. ಆದ್ದರಿಂದ ಬಳಿಯಬೇಡ, ಒಂದೊಂದೇ ಸಣ್ಣ ಗೆರೆ ಎಳೆ. ಅದಕ್ಕೆ ನಿನ್ನ ಕುಂಚ ಸಾಲದು, ತಗೋ ನನ್ನದು.

ನನ್ನ ಪೆಟ್ಟಿಗೆಯಿಂದ ಒಂದು ಒಳ್ಳೆಯ ಕುಂಚ ತೆಗೆದುಕೊಟ್ಟೆ. ಬಹಳ ವರ್ಷಗಳ ಹಿಂದೆ ಊರೊಂದರ ಅಂಗಡಿಯಲ್ಲಿ ಕೊಂಡದ್ದು. ‘ನ್ಯಾಚುರಲ್ ಹೇರ್, ಬೆಸ್ಟ್ ಕ್ವಾಲಿಟಿ ಸಾರ್’ ಎಂದಿದ್ದ ಅಂಗಡಿಯಾತ. ಸುಳ್ಳಲ್ಲ. ನೀರಿನಲ್ಲಿ ಅದ್ದಿದರೆ ಸೂಜಿಮೊನೆ, ಒತ್ತಿ ಎತ್ತಿದರೆ ಮತ್ತೆ ಸೆಟೆದು ನಿಲ್ಲುವ ಗುಣ. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕೂರುವ ಮಕ್ಕಳಿಗೆ ಅಂಥದ್ದೇ ತರಿಸಿಕೊಳ್ಳಿ ಎಂದು ನಾನೇ ಚೀಟಿ ಬರೆದುಕೊಡುತ್ತಿದ್ದೆ. ದುಡ್ಡಿಲ್ಲದವರಿಗೆ ಕೊಡಿಸಿಯೂ ಇದ್ದೇನೆ.

ಹುಡುಗ ಬರೆಯಲು ಕೂತ. ಅರ್ಧ ಗಂಟೆ ಸದ್ದಿಲ್ಲ. ಆಮೇಲೆ ಭೂತಗನ್ನಡಿ ಕೇಳಿದ. ಮುಂಗುಸಿಯನ್ನಲ್ಲ, ಕುಂಚವನ್ನು ನೋಡುತ್ತಿದ್ದ.

‘ಸಾರ್, ಈ ಕುಂಚದ ಕೂದಲಲ್ಲೂ ಅದೇ ಪಟ್ಟೆ ಇದೆ.’

ತೆಗೆದುಕೊಂಡು ನೋಡಿದೆ. ತುದಿ ಕಡುಕಂದು, ನಡುವೆ ಕೆನೆಬಣ್ಣ, ಬುಡದಲ್ಲಿ ಮತ್ತೆ ಕಪ್ಪು. ಆ ಕುಂಚವನ್ನು ನಾನು ಸಾವಿರ ಸಲ ತೊಳೆದಿದ್ದೇನೆ, ಬೆರಳಲ್ಲಿ ಸವರಿ ಮೊನೆ ತಿದ್ದಿದ್ದೇನೆ. ಮಕ್ಕಳಿಗೆ ನೋಡುವುದನ್ನು ಕಲಿಸುತ್ತೇನೆಂದು ಬೀಗುವವನು ನಾನು.

ನನಗೆ ಗೊತ್ತೇ ಇರಲಿಲ್ಲ ಎಂದರೆ ಅದೂ ಪೂರ್ತಿ ನಿಜವಲ್ಲ. ಮುಂಗುಸಿ ಕೂದಲಿನ ಕುಂಚ ಇರುತ್ತದೆಂದು ಎಲ್ಲೋ ಕೇಳಿದ್ದೆ. ನನ್ನದು ಅದಲ್ಲ ಎಂದುಕೊಂಡಿದ್ದೆ. ಕೇಳಿ ತಿಳಿಯುವ ಗೋಜಿಗೆ ಹೋಗಲಿಲ್ಲ, ಏಕೆಂದರೆ ಕುಂಚ ಚೆನ್ನಾಗಿತ್ತು.

ಆ ವಾರವಿಡೀ ಕೂತು ಓದಿದೆ. ಮುಂಗುಸಿಯನ್ನು ಯಾರೂ ಕುರಿಯಂತೆ ಸಾಕಿ ಕೂದಲು ಕತ್ತರಿಸುವುದಿಲ್ಲ. ಉರುಳು, ಬಲೆ ಹಾಕಿ ಹಿಡಿದು, ಬಡಿದು ಕೊಂದು ಕೂದಲು ಕೀಳುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದು ಅಪರಾಧ. ಆ ಕೂದಲಿನ ಕುಂಚ ಮಾರುವುದೂ ಕೊಳ್ಳುವುದೂ ಅಪರಾಧವೇ. ಉತ್ತರ ಭಾರತದ ಕುಂಚ ತಯಾರಿಕೆಯ ಊರುಗಳಲ್ಲಿ ದಾಳಿ ನಡೆದು ರಾಶಿಗಟ್ಟಲೆ ಕೂದಲು, ಸಾವಿರಾರು ಕುಂಚಗಳು ಸಿಕ್ಕಿದ್ದು ಹಲವು ಸಲ ಸುದ್ದಿಯಾಗಿದೆ. ಕುಂಚಕ್ಕೆ ಆಗುವಂಥ ಒಂದು ಕಿಲೋ ಕೂದಲಿಗೆ ಸುಮಾರು ಐವತ್ತು ಮುಂಗುಸಿ ಬೇಕೆಂದು ವನ್ಯಜೀವಿ ಸಂಸ್ಥೆಗಳ ಅಂದಾಜು.

ಮುಂದಿನ ಭಾನುವಾರ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ಆ ಹುಡುಗ ಚಿತ್ರದ ಹಾಳೆಯ ಅಂಚಿನಲ್ಲೇ ಸಾವಿರವನ್ನು ಐವತ್ತರಿಂದ ಭಾಗಿಸಿದ. ‘ಒಂದು ಮುಂಗುಸಿಗೆ ಇಪ್ಪತ್ತೇ ಗ್ರಾಂ ಸಾರ್’ ಎಂದ. ಅಷ್ಟರಲ್ಲಿ ಅವನ ತಾಯಿ ಬಂದು ಬಾಗಿಲಲ್ಲಿ ನಿಂತಿದ್ದರು. ಅವನು ನಿಲ್ಲಿಸಲಿಲ್ಲ. ‘ಸಾರ್, ನೀವು ಮೂವತ್ತೊಂದು ವರ್ಷದಲ್ಲಿ ಎಷ್ಟು ಕುಂಚ ತರಿಸಿದ್ರಿ? ವರ್ಷಕ್ಕೆ ಎಷ್ಟು ಅಂತ ಹೇಳಿ, ನಾನು ಲೆಕ್ಕ ಮಾಡ್ತೀನಿ.’

ಕೆಣಕಬೇಕೆಂದು ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಅವನಿಗೆ. ನಾನು ಜ್ಞಾಪಕವಿಲ್ಲ ಎಂದೆ. ತಾಯಿ ನನ್ನ ಮುಖ ನೋಡಿ, ‘ಸಾಕು ಬಾರೋ, ಹೊತ್ತಾಯ್ತು’ ಎಂದು ಕರೆದುಕೊಂಡು ಹೋದರು. ಅಂದಾಜು ಲೆಕ್ಕ ನನಗೆ ಗೊತ್ತಿದೆ. ರಾತ್ರಿ ನಾನೇ ಮಾಡಿದೆ. ಇಲ್ಲಿ ಬರೆಯುವುದಿಲ್ಲ.

ಕುಂಚಕ್ಕೂ ಪ್ರಾಣಿಗೂ ಇರುವ ಈ ಸಂಬಂಧ ನಿನ್ನೆ ಮೊನ್ನೆಯದಲ್ಲ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಜಹಾಂಗೀರನ ಕಾಲದ ಒಂದು ಪ್ರಸಿದ್ಧ ಚಿತ್ರವಿದೆ. ಅಬುಲ್ ಹಸನ್ ಎಂಬ ಆಸ್ಥಾನ ಚಿತ್ರಕಾರನದೆಂದು ಹೇಳುತ್ತಾರೆ. ಚಿನಾರ್ ಮರದ ತುಂಬ ಅಳಿಲುಗಳು, ಬುಡದಲ್ಲಿ ಮರ ಹತ್ತಲು ಹವಣಿಸುತ್ತಿರುವ ಒಬ್ಬ ಮನುಷ್ಯ. ನಾಲ್ಕು ನೂರು ವರ್ಷ ಕಳೆದರೂ ಅಳಿಲುಗಳ ಮೈ ಮುಟ್ಟಿದರೆ ಮೆತ್ತಗಿರುತ್ತದೇನೋ ಅನ್ನಿಸುತ್ತದೆ. ಅಂದಿನ ಚಿತ್ರಕಾರರ ನವುರು ಕುಂಚಗಳಿಗೆ ಕೂದಲು ಬರುತ್ತಿದ್ದದ್ದು ಅಳಿಲಿನ ಬಾಲದಿಂದ. ಆ ಮನುಷ್ಯ ಮರ ಹತ್ತುತ್ತಿರುವುದು ಏತಕ್ಕೆ ಎಂದು ನನಗೀಗ ಬೇರೆ ಥರ ಯೋಚನೆ ಬರುತ್ತದೆ. ನಮ್ಮ ಮೈಸೂರು ಶೈಲಿಯ ಹಳೆಯ ಚಿತ್ರಕಾರರೂ ನಾಜೂಕು ಕೆಲಸಕ್ಕೆ ಅಳಿಲಿನ ಕೂದಲನ್ನೇ ಬಳಸುತ್ತಿದ್ದರು. ಆದರೆ ಅತಿ ಸಣ್ಣ ಗೆರೆ ಎಳೆಯಬೇಕಾದಾಗ ಅವರು ಕೈಗೆತ್ತಿಕೊಳ್ಳುತ್ತಿದ್ದದ್ದು ಕೂದಲಿನ ಕುಂಚವನ್ನಲ್ಲ, ಒಂದು ಬಗೆಯ ಹುಲ್ಲಿನ ಚೂಪು ಎಸಳಿನಿಂದ ಮಾಡಿದ್ದನ್ನು. ಇದನ್ನು ಓದಿದಾಗ ನನಗೆ ಎಷ್ಟೋ ಸಮಾಧಾನವಾಯಿತು.

ಇನ್ನೂ ಹತ್ತಿರಕ್ಕೆ ಬನ್ನಿ. ನಮ್ಮಿಂದ ತಿರುಪತಿ ದಾರಿ ಹಿಡಿದು ಮುಂದೆ ಹೋದರೆ ಶ್ರೀಕಾಳಹಸ್ತಿ. ಅಲ್ಲಿಯ ಕಲಂಕಾರಿ ಬಟ್ಟೆಯ ಮೇಲಿನ ದೇವರುಗಳೆಲ್ಲ ಮೂಡುವುದು ಬಿದಿರಿನ ಕಡ್ಡಿಯಿಂದ. ಮೊನೆಯ ಮೇಲೆ ಬಟ್ಟೆಯೋ ಉಣ್ಣೆಯೋ ಸುತ್ತಿ ದಾರ ಬಿಗಿದಿರುತ್ತಾರೆ, ಬಣ್ಣ ಅದರಿಂದ ನಿಧಾನವಾಗಿ ಇಳಿಯುತ್ತದೆ. ಮಹಾರಾಷ್ಟ್ರದ ವಾರ್ಲಿ ಜನ ಬಿದಿರು ಕಡ್ಡಿಯ ತುದಿಯನ್ನು ಜಗಿದು ನಾರು ಬಿಡಿಸಿಕೊಳ್ಳುತ್ತಾರೆ. ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜಿದವರಿಗೆ ಇದನ್ನು ಕಲಿಸಬೇಕಾಗಿಲ್ಲ.

ಓದುಗರಲ್ಲಿ ಮಕ್ಕಳಿಗೆ ಕುಂಚ ಕೊಡಿಸುವ ತಂದೆ ತಾಯಂದಿರಿಗಾಗಿ ಎರಡು ಮಾತು. ಕೂದಲಿನ ಬಣ್ಣ ಬುಡದಿಂದ ತುದಿಯವರೆಗೆ ಒಂದೇ ಸಮನಾಗಿದೆಯೇ ನೋಡಿ. 'ಸಿಂಥೆಟಿಕ್' ಅಥವಾ 'ನೈಲಾನ್' ಎಂದು ಬರೆದಿರುವುದನ್ನೇ ಕೇಳಿ ಕೊಳ್ಳಿ. ಶಾಲೆಯ ಮಕ್ಕಳ ಕೆಲಸಕ್ಕೆ ಅದು ಧಾರಾಳ ಸಾಕು, ಬೆಲೆಯೂ ಹೆಚ್ಚಲ್ಲ. ತೈಲವರ್ಣಕ್ಕೆ ಬಳಸುವ ದಪ್ಪ ಬಿಳಿ ಕುಂಚ ಸಾಕುಹಂದಿಯ ಕೂದಲಿನದು, ಅದರ ಮಾತು ಬೇರೆ. ತುದಿ ಕಪ್ಪು, ನಡುವೆ ಕೆನೆಬಣ್ಣ, ಬುಡ ಕಪ್ಪು ಇದ್ದರೆ ಅಂಗಡಿಯಾತ ಏನೇ ಹೆಸರು ಹೇಳಿದರೂ ಹಿಂದಕ್ಕೆ ಕೊಡಿ. ಸಂಶಯವಿದ್ದರೆ ಒಂದೆಳೆ ಸುಟ್ಟು ನೋಡಬಹುದು. ನೈಲಾನ್ ಕರಗಿ ಗುಂಡಗಾಗುತ್ತದೆ, ಕೂದಲಾದರೆ ಕಮಟು ವಾಸನೆ ಬಂದು ಪುಡಿಯಾಗುತ್ತದೆ. ಬೆಂಕಿಯ ಕೆಲಸ ದೊಡ್ಡವರೇ ಮಾಡಲಿ.

ನನ್ನ ಪೆಟ್ಟಿಗೆಯಲ್ಲಿದ್ದ ಅಂಥ ಹನ್ನೊಂದು ಕುಂಚಗಳನ್ನು ಪೇಪರಿನಲ್ಲಿ ಸುತ್ತಿ ಅರಣ್ಯ ಇಲಾಖೆಯವರಿಗೆ ಒಪ್ಪಿಸಿ ಬಂದೆ. ಮೇಜಿನ ಹಿಂದಿದ್ದ ಯುವಕ ಪೊಟ್ಟಣ ಬಿಚ್ಚಿ ನೋಡಿ, ‘ಇಷ್ಟು ವರ್ಷ ಇದ್ರಲ್ಲೇ ಬರೀತಿದ್ರಾ ಸಾರ್?’ ಎಂದು ಕೇಳಿದ. ಹೌದಪ್ಪ ಎಂದೆ.

ಈಗ ನಮ್ಮ ಜಗಲಿ ಕುಂಚದ ಕಾರ್ಖಾನೆಯಾಗಿದೆ. ಬೇವು, ಬಿದಿರು, ಈಚಲ ಗರಿ, ತೆಂಗಿನ ನಾರು, ಬಾಳೆಯ ನಾರು ಎಲ್ಲವೂ ಜಜ್ಜಿಸಿಕೊಂಡಿವೆ. ಬಾಳೆ ನಾರು ನೀರು ಕುಡಿದು ಮುದ್ದೆಯಾಗುತ್ತದೆ, ಪ್ರಯೋಜನವಿಲ್ಲ. ತೆಂಗಿನ ನಾರು ಹಾಳೆಯನ್ನೇ ಹರಿಯಿತು. ಗೆದ್ದದ್ದು ಈಚಲು. ಗರಿಯ ಬುಡವನ್ನು ಒಂದು ರಾತ್ರಿ ನೆನೆಸಿ, ಕಲ್ಲಿನಲ್ಲಿ ಮೆಲ್ಲಗೆ ಜಜ್ಜಿ, ಬಾಚಣಿಗೆಯಲ್ಲಿ ಬಾಚಿದರೆ ಒಳ್ಳೆಯ ನಾರು ಬರುತ್ತದೆ. ಗೆರೆ ಸ್ವಲ್ಪ ಒರಟು, ಒಂದರ ಜಾಗದಲ್ಲಿ ನಾಲ್ಕು ಗೆರೆ ಒಟ್ಟಿಗೆ ಬೀಳುತ್ತದೆ. ಅಳಿಲಿನ ಬಾಲಕ್ಕೂ ಮುಂಗುಸಿಯ ಮೈಗೂ ಬೇಕಾದ್ದು ಅದೇ.

ಹುಡುಗ ತನ್ನ ಮುಂಗುಸಿಯನ್ನು ಅದರಲ್ಲೇ ಮುಂದುವರಿಸಿದ. ಕತ್ತಿನಿಂದ ಹಿಡಿದು ಹೊಟ್ಟೆಯ ಅರ್ಧದವರೆಗೆ ನನ್ನ ಕುಂಚದ ನಯವಾದ ಗೆರೆಗಳು, ಅಲ್ಲಿಂದಾಚೆಗೆ ಈಚಲಿನ ಒರಟು ಗೆರೆಗಳು. ಎಲ್ಲಿ ಬದಲಾಯಿತೆಂದು ನೋಡಿದರೆ ಗೊತ್ತಾಗುತ್ತದೆ. ಬೇರೆ ಹಾಳೆಯಲ್ಲಿ ಹೊಸದಾಗಿ ಬರೆ ಎಂದೆ. ‘ಬೇಡ ಸಾರ್, ಇದು ಇಂಗೇ ಇರ್ಲಿ’ ಎಂದ.

ಬಾಲದ ತುದಿ ಮಾತ್ರ ಬಾಕಿ ಇದೆ. ತುದಿ ಕಪ್ಪಗಿದ್ದು ಮೇಲಕ್ಕೆ ಬಾಗಿದ್ದರೆ ಅದು ಕೆಂಪು ಮುಂಗುಸಿ, ಇಲ್ಲದಿದ್ದರೆ ಎಲ್ಲ ಕಡೆ ಕಾಣುವ ಬೂದು ಮುಂಗುಸಿ ಎಂದು ಪುಸ್ತಕ ನೋಡಿ ಹೇಳಿದ್ದೆ. ತನಗೆ ಸರಿಯಾಗಿ ಕಂಡಿಲ್ಲ, ಕಾಣದೆ ಬರೆಯುವುದಿಲ್ಲ ಎಂದು ಅವನ ಹಟ. ಮುಂಗುಸಿ ಬಂದು ಐದು ವಾರವಾಯಿತು. ಪ್ರತಿ ಭಾನುವಾರ ಎಲ್ಲರಿಗಿಂತ ಮುಂಚೆ ಬಂದು, ಲೆಕ್ಕದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಹಿತ್ತಲ ಕಿಟಕಿಯ ಬಳಿ ಕೂರುತ್ತಾನೆ. ಅದು ತಾಯಿಯ ಷರತ್ತು. ಒಂದು ಲೆಕ್ಕ ಮಾಡುತ್ತಾನೆ, ತಲೆಯೆತ್ತಿ ಸೌದೆ ಒಟ್ಟಿದ ಕಡೆ ನೋಡುತ್ತಾನೆ, ಮತ್ತೊಂದು ಲೆಕ್ಕ ಮಾಡುತ್ತಾನೆ.